ಛಾಯಾಚಿತ್ರದ ಹೊಸ ತಿದ್ದುಪಡಿಗಳು



ಛಾಯಾಚಿತ್ರವನ್ನು ತಿದ್ದುವ ವಿದ್ಯೆ ಹೆಚ್ಚುಕಡಮೆ ಛಾಯಾಚಿತ್ರದಷ್ಟೇ ಹಳೆಯದು. ನೆಗೆಟಿವನ್ನು ಓರೆಹಲಗೆಯ ಮೇಲೆ ಬೆಳಕಿಗೊಡ್ಡಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮದುವಣಗಿತ್ತಿಯ ಮೊಡವೆಗಳನ್ನು ಅಳಿಸಿಹಾಕುತ್ತಿದ್ದ ರೀಟಚಿಂಗ್ ಕುಶಲಿಗಳು ನಮ್ಮ ಊರುಗಳ ಸ್ಟುಡಿಯೋಗಳಲ್ಲಿಯೇ ಇದ್ದರು. ಕತ್ತಲೆಕೋಣೆಯಲ್ಲಿ ಎನ್‌ಲಾರ್ಜರಿನ ಕೆಳಗೆ ಅಂಗೈಯನ್ನು ಅಡ್ಡ ಹಿಡಿದು ಒಂದೆಡೆ ಬೆಳಕನ್ನು ತಡೆದು ಮುಖವನ್ನು ತಿಳಿಯಾಗಿಸಿ, ಇನ್ನೊಂದೆಡೆ ಅದನ್ನೇ ಹೆಚ್ಚು ಹೊತ್ತು ಬೀಳಗೊಟ್ಟು ಆಕಾಶವನ್ನು ಗಾಢವಾಗಿಸುತ್ತಿದ್ದವರೂ ಇದ್ದರು. ಆ ಎರಡು ಕ್ರಿಯೆಗಳಿಗಿದ್ದ ಡಾಜ್, ಬರ್ನ್ ಎಂಬ ಹೆಸರುಗಳು ಇಂದಿನ ತಂತ್ರಾಂಶದಲ್ಲಿಯೂ ಹಾಗೆಯೇ ಉಳಿದಿವೆ.

ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಮೆರಿಕದ ಸೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಅಡೋಬಿ ಸಂಸ್ಥೆಯಿಂದ ಹೊರಬಂದಿತು. ಒಂದರ ಮೇಲೊಂದು ಪದರವನ್ನಿಟ್ಟು ಕೆಲಸ ಮಾಡುವ ಲೇಯರುಗಳು 1994ರಲ್ಲಿ ಬಂದವು. ಸುತ್ತಣ ಪ್ರದೇಶವನ್ನು ನೋಡಿಕೊಂಡು ವಿದ್ಯುತ್ ತಂತಿಯನ್ನೋ ಕಸದ ಬುಟ್ಟಿಯನ್ನೋ ಮರೆಮಾಚುವ ಸೌಕರ್ಯ 2010ರಲ್ಲಿ ಬಂದಿತು. ಇಷ್ಟು ಪೂರ್ವಕಥೆ ಸಾಕು. ಈಚಿನ ನಾಲ್ಕಾರು ವರ್ಷಗಳಲ್ಲಿ ಆಗಿರುವ ಬದಲಾವಣೆ ಬೇರೆ ಜಾತಿಯದು: ಚಿತ್ರದೊಳಗೆ ಏನಿದೆ ಎಂಬುದನ್ನು ತಂತ್ರಾಂಶವು ತಾನೇ ಗುರುತಿಸತೊಡಗಿದೆ.

ಬೇಲೂರಿನ ಮದನಿಕೆಯರನ್ನು ಕುರಿತು ಯೋಚಿಸಿ. ಅವರು ನಿಂತಿರುವುದು ಸೂರಿನ ಅಡಿಯ ನೆರಳಿನಲ್ಲಿ; ಹಿಂದೆ ಹೊಳೆಯುವುದು ನಡುಹಗಲಿನ ಆಕಾಶ. ಶಿಲ್ಪಕ್ಕೆ ಹೊಂದುವಷ್ಟು ಬೆಳಕು ಕೊಟ್ಟರೆ ಆಕಾಶ ಬಿಳಿಚಿಹೋಗುತ್ತದೆ, ಆಕಾಶವನ್ನು ಕಾಯ್ದುಕೊಂಡರೆ ಶಿಲ್ಪ ಕಪ್ಪಿಟ್ಟುಹೋಗುತ್ತದೆ. ಹಿಂದೆ ಇದನ್ನು ಸರಿಪಡಿಸಬೇಕಾದರೆ ಸೂರಿನ ಅಂಚಿನ ಪ್ರತಿಯೊಂದು ಕೊಂಕನ್ನೂ ಮೌಸಿನಿಂದ ಸುತ್ತುಹಾಕಿ ಗುರುತಿಸಬೇಕಾಗಿದ್ದಿತು. 2021ರಿಂದ ಅಡೋಬಿಯದೇ ಆದ ಲೈಟ್‌ರೂಮ್ ತಂತ್ರಾಂಶದಲ್ಲಿ ಆಕಾಶದ ಮಾಸ್ಕ್ ಎಂಬುದೊಂದುಂಟು; ಒಮ್ಮೆ ಒತ್ತಿದರೆ ಆಕಾಶವಷ್ಟೂ ಕೆಂಪು ಲೇಪವಾಗಿ ತೆರೆಯ ಮೇಲೆ ಮೂಡುತ್ತದೆ, ಉಳಿದುದನ್ನು ಮುಟ್ಟದೆ ಅದೊಂದನ್ನೇ ತಗ್ಗಿಸಬಹುದು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ಸಾಮಾನ್ಯವಾಗಿ 14 ಬಿಟ್‌ಗಳಷ್ಟು, ಎಂದರೆ ಪ್ರತಿ ಬಿಂದುವಿನಲ್ಲಿಯೂ 16,384 ಹಂತಗಳಷ್ಟು ಬೆಳಕಿನ ಲೆಕ್ಕವಿರುವುದರಿಂದ, ಕತ್ತಲೆಯೆಂದು ತೋರುವ ಶಿಲ್ಪದ ಮಡಿಕೆಗಳಿಂದಲೂ ವಿವರ ಮೇಲೆದ್ದು ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೊಸ ಸೌಕರ್ಯಗಳಲ್ಲೆಲ್ಲ ನಿಷ್ಕಳಂಕವಾದ ವರವೆಂದರೆ ಈ ಮಾಸ್ಕೇ. ಕತ್ತಲೆಕೋಣೆಯ ಅಂಗೈ ಮಾಡುತ್ತಿದ್ದುದನ್ನೇ ಅದು ಅಂಚು ತಪ್ಪದೆ ಮಾಡುತ್ತದೆ.

ಇನ್ನು 2023ರಲ್ಲಿ ಲೈಟ್‌ರೂಮಿಗೆ ಬಂದ ಡಿನಾಯ್ಸ್. ಕಬಿನಿಯ ಹಿನ್ನೀರಿನ ದಡಕ್ಕೆ ಮುಸ್ಸಂಜೆಯಲ್ಲಿ ಬಂದ ಆನೆಯನ್ನು ಹಿಡಿಯಬೇಕಾದರೆ ಕ್ಯಾಮೆರಾದ ಸಂವೇದನೆಯನ್ನು ಐಎಸ್‌ಓ 6400 ಅಥವಾ 12,800ಕ್ಕೆ ಏರಿಸದೆ ಗತ್ಯಂತರವಿಲ್ಲ. ಸಂವೇದಕವನ್ನು ತಲಪಿದ ಬೆಳಕೇ ಅತ್ಯಲ್ಪವಾದ್ದರಿಂದ ಚಿತ್ರದ ತುಂಬ ಮರಳು ಚೆಲ್ಲಿದಂತೆ ನಾಯ್ಸ್ ಕಾಣಿಸುತ್ತದೆ. ಹಳೆಯ ಉಪಾಯವು ಮರಳಿನೊಡನೆ ವಿವರವನ್ನೂ ಒರಸಿಬಿಡುತ್ತಿತ್ತು. ಹೊಸದಾದರೋ, ನಾಯ್ಸ್ ಉಳ್ಳ ಚಿತ್ರ ಮತ್ತು ಅದೇ ನೋಟದ ಶುಭ್ರ ಚಿತ್ರಗಳ ಅಸಂಖ್ಯ ಜೋಡಿಗಳಿಂದ ತರಬೇತಿ ಪಡೆದು, ಯಾವುದು ಚರ್ಮದ ಸುಕ್ಕು, ಯಾವುದು ನಾಯ್ಸ್ ಎಂಬುದನ್ನು ಊಹಿಸಬಲ್ಲುದು. ಊಹಿಸಬಲ್ಲುದು ಎಂದೆನಷ್ಟೆ, ತೊಡಕಿರುವುದು ಅಲ್ಲಿಯೇ. ಮಿತವಾಗಿ ಬಳಸಿದರೆ ಆನೆಯ ಸುಕ್ಕುಗಳು ಸ್ಪಷ್ಟವಾಗುತ್ತವೆ. ಮಿತಿಮೀರಿದರೆ ಹಣೆಯ ಮೇಲಣ ಒರಟು ಕೂದಲು ಮಾಯವಾಗಿ ಚರ್ಮಕ್ಕೆ ಅಸಹಜವಾದ ನುಣುಪು ಬರುತ್ತದೆ, ಅಥವಾ ಬೆಳಕು ಬರೆಯದೆ ಇದ್ದ ಗೆರೆಗಳು ಹುಟ್ಟಿಕೊಳ್ಳುತ್ತವೆ. ಕಂಡದ್ದನ್ನು ಹೊರದೆಗೆಯುವುದಕ್ಕೂ ಕಾಣದ್ದನ್ನು ಕಲ್ಪಿಸುವುದಕ್ಕೂ ನಡುವಣ ಗಡಿ ಈ ಒಂದೇ ಸ್ಲೈಡರಿನ ಉದ್ದಕ್ಕೂ ಎಲ್ಲಿಯೋ ಇದೆ.

ಅದೇ ವರ್ಷ ಫೋಟೋಶಾಪಿಗೆ ಬಂದ ಜನರೇಟಿವ್ ಫಿಲ್‌ಗೆ ಅಂಥ ಸಂಕೋಚವೇನೂ ಇಲ್ಲ. ಜಾಗವನ್ನು ಗುರುತು ಮಾಡಿ, ಬೇಕಾದ್ದನ್ನು ಮಾತಿನಲ್ಲಿ ಬರೆದರಾಯಿತು. ಬರಡು ದಡದಲ್ಲಿ ಜಿಂಕೆಯ ಹಿಂಡು ಬಂದು ನಿಲ್ಲುತ್ತದೆ, ನೀರಿನಲ್ಲಿ ಅದರ ಪ್ರತಿಬಿಂಬವೂ ಬೀಳುತ್ತದೆ. ಜಾಹೀರಾತಿನವರಿಗೆ ಇದರಿಂದ ಉಪಕಾರವೇ ಸರಿ. ಆದರೆ ಹೀಗೆ ಹುಟ್ಟಿದ್ದನ್ನು ಛಾಯಾಚಿತ್ರವೆಂದು ಕರೆಯಲು ನನಗೆ ಮನಸ್ಸಿಲ್ಲ; ಬೇಕಾದರೆ ಚಿತ್ತಾರವೆನ್ನೋಣ. ನಿಸರ್ಗ ಛಾಯಾಚಿತ್ರದ ಅಂತರರಾಷ್ಟ್ರೀಯ ಸ್ಪರ್ಧೆಗಳು ಒಪ್ಪಿಕೊಂಡಿರುವ ನಿಯಮವಂತೂ ಇನ್ನೂ ಕಠಿಣವಾದುದು: ಚೌಕಟ್ಟನ್ನು ಕತ್ತರಿಸಬಹುದು, ಬೆಳಕನ್ನು ಹೊಂದಿಸಬಹುದು, ಹುಲಿಯ ಮುಖಕ್ಕೆ ಅಡ್ಡವಾದ ಒಂದು ಹುಲ್ಲುಕಡ್ಡಿಯನ್ನು ತೆಗೆಯುವಂತಿಲ್ಲ.

ಈ ಗೊಂದಲಕ್ಕೆ ಪರಿಹಾರವೆಂದು, ಚಿತ್ರವು ಯಾವ ಕ್ಯಾಮೆರಾದಿಂದ ಬಂದಿತು, ಎಲ್ಲೆಲ್ಲಿ ಏನೇನು ತಿದ್ದಲ್ಪಟ್ಟಿತು ಎಂಬ ದಾಖಲೆಯನ್ನು ಫೈಲಿನೊಳಗೇ ಮುದ್ರೆಯೊತ್ತಿ ಇಡುವ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಎಂಬ ಏರ್ಪಾಡು ಬಳಕೆಗೆ ಬರುತ್ತಿದೆ. 2023ರ ಲೈಕಾ ಎಂ11-ಪಿ ಕ್ಯಾಮೆರಾ ಆ ಮುದ್ರೆಯನ್ನು ಚಿತ್ರ ತೆಗೆಯುವಾಗಲೇ ಒತ್ತುತ್ತದೆ. ತೆರೆಯ ಮೇಲಣ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ ಆ ದಾಖಲೆ ಜೊತೆಗೆ ಹೋಗುವುದಿಲ್ಲ ಎಂಬುದು ಅದರ ದೌರ್ಬಲ್ಯ. ಆದ್ದರಿಂದ ಸ್ಪರ್ಧೆಗೆ ಕಳುಹಿಸುವ ಉದ್ದೇಶವುಳ್ಳವರು ರಾ ಫೈಲನ್ನು ಅಳಿಸದೆ ಇಟ್ಟುಕೊಳ್ಳತಕ್ಕದ್ದು. ಅಂತಿಮ ಸುತ್ತಿಗೆ ಬಂದ ಚಿತ್ರದ ರಾ ಫೈಲನ್ನು ತೀರ್ಪುಗಾರರು ಕೇಳುವುದು ಈಗ ವಾಡಿಕೆಯಾಗಿದೆ.