ಜಗಲಿಯ ಮೇಲೆ ಕಳೆದ ಎಂಟು ದಿನ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ನಿಮ್ಮ ಹಾಗೆಯೇ ವಾರಕ್ಕೊಮ್ಮೆ ಉಳಿತಾಯದ ಪುಸ್ತಕ ಹಿಡಿದು ಕೂರುವವಳು. ವರದಕ್ಷಿಣೆಯ ಬಗ್ಗೆ ಮಾತಾಡುವ ಸಭೆಯಲ್ಲಿ ಬಸಿರು, ಆಸ್ಪತ್ರೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಒಂದು ಘಟನೆ ಹೇಳುತ್ತೇನೆ. ಆಮೇಲೆ ನೀವೇ ಹೇಳಿ.

2014ರ ಜುಲೈ. ಆಗ ಕಳಸ ಇನ್ನೂ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಕಳಸದ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯ ಹುಡುಗಿಯನ್ನು ಮೂಡಿಗೆರೆ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ಹೆಸರು ಬೇಡ. ಚೊಚ್ಚಲ ಬಸಿರು, ಎಂಟನೇ ತಿಂಗಳು. ಕಾಲು ಊದಿ ಕಾಲುಂಗುರ ಬಿಗಿದುಕೊಂಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ನೋಡಿದಾಗ ಬಿ.ಪಿ. 150/100. ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಿತ್ತು. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, "ನಾಳೆಯೇ ಹೆರಿಗೆ ತಜ್ಞರಿಗೆ ತೋರಿಸಬೇಕು" ಎಂದು ಆಕೆ ಹೇಳಿ ಕಳಿಸಿದರು.

ಆ 'ನಾಳೆ' ಎಂಟು ದಿನವಾಯಿತು.

ಅತ್ತೆ ಹೇಳಿದ್ದು: "ಚೊಚ್ಚಲ ಬಾಣಂತನ ತವರಿನದ್ದು. ಅವರೇ ಕರ್ಕೊಂಡು ಹೋಗ್ಲಿ. ಮದುವೇಲಿ ಒಪ್ಪಿದ ಚೈನೇ ಇನ್ನೂ ಬಂದಿಲ್ಲ." ಗಂಡ ಅಮ್ಮನ ಮುಖ ನೋಡಿ ಸುಮ್ಮನಾದ. ಮಾರನೇ ದಿನ ಅವಳನ್ನು ಬಸ್ಸು ಹತ್ತಿಸಿ ತವರಿಗೆ ಕಳಿಸಿದರು. ತವರಿನಲ್ಲಿ ಮದುವೆಯ ಸಾಲವೇ ತೀರಿರಲಿಲ್ಲ. ಅವಳ ತಾಯಿ ನಮ್ಮ ಸಂಘದ ಸದಸ್ಯೆ. ವಾರದ ಸಭೆಗೆ ಬಂದು ಹತ್ತು ಸಾವಿರ ಸಾಲ ಕೇಳಿದರು.

ಇಲ್ಲಿಯವರೆಗೆ ಅತ್ತೆಯನ್ನು ಬೈಯುವುದು ಸುಲಭ. ಮುಂದಿನದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಆಗ ಸಂಘದ ಅಧ್ಯಕ್ಷೆ ನಾನೇ. ಪೆಟ್ಟಿಗೆಯಲ್ಲಿ ದುಡ್ಡಿತ್ತು. ಆ ತಾಯಿಯ ಎರಡು ಕಂತು ಬಾಕಿಯಿತ್ತು. ಬಾಕಿ ಇರುವವರಿಗೆ ಹೊಸ ಸಾಲ ಇಲ್ಲ ಎಂದು ನಿಯಮ ಓದಿ ಹೇಳಿದೆವು. ತಾಯಿ ಕಾರ್ಡನ್ನು ಯಾರೂ ಕೇಳಿ ನೋಡಲಿಲ್ಲ.

ಒಂಬತ್ತನೇ ದಿನ ಬೆಳಗಿನ ಜಾವ ಅವಳಿಗೆ ತಲೆ ಸಿಡಿಯುವಂಥ ನೋವು, ಕಣ್ಣು ಮಂಜು, ಆಮೇಲೆ ಫಿಟ್ಸ್. ಹೊರಗೆ ಜಡಿಮಳೆ, ರಸ್ತೆಗೆ ಮರ ಬಿದ್ದಿತ್ತು. 108 ಬಂದು ಘಟ್ಟ ಇಳಿದು ದೊಡ್ಡ ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ. ಅವಳು ಉಳಿದಳು. ಮಗು ಉಳಿಯಲಿಲ್ಲ. ಗಂಡನ ಮನೆಯವರು "ಮಗು ನುಂಗಿದವಳು" ಎಂದರು.

ಊರಿನವರೆಲ್ಲ ಮಳೆಗೆ, ಘಟ್ಟಕ್ಕೆ ದೂರು ಹೇಳಿದರು. ಮಳೆ ತಿಂದದ್ದು ಅರ್ಧ ದಿನ. ಎಂಟು ದಿನ ತಿಂದದ್ದು ಎರಡು ಮನೆಗಳ ಜಗಲಿ ಮತ್ತು ನಮ್ಮ ಸಭೆಯ ಚಾಪೆ.

1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು, ಬಡ ದೇಶಗಳಲ್ಲಿ ಬಸುರಿಯರು ಸಾಯುವುದಕ್ಕೆ ಮೂರು ತಡಗಳು ಕಾರಣ ಎಂದು ಬರೆದರು. ಹೋಗಬೇಕೆಂದು ತೀರ್ಮಾನಿಸುವಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಯೊಳಗೆ ಚಿಕಿತ್ಸೆ ಸಿಗುವಲ್ಲಿ ತಡ. ನಾವು ಎರಡನೆಯದನ್ನೇ ಹಿಡಿದು ರಸ್ತೆ ಕೊಡಿ, ಆಂಬುಲೆನ್ಸ್ ಕೊಡಿ ಎನ್ನುತ್ತೇವೆ. ಕೇಳಲೇಬೇಕು. ಆದರೆ ಮೊದಲನೆಯ ತಡ ಇರುವುದು ಮನೆಯೊಳಗೆ. ಬಸುರಿಯ ದೇಹಕ್ಕೆ ಖರ್ಚು ಯಾರದು ಎಂಬ ಜಗಳ ವರದಕ್ಷಿಣೆಯ ಬಾಲವೇ.

ಕಾನೂನನ್ನು ಸರಿಯಾಗಿ ತಿಳಿಯೋಣ. ಮಗು ಹುಟ್ಟಿದಾಗ ರೂಢಿಯಂತೆ ಕೊಡುವುದು ವರದಕ್ಷಿಣೆಯ ವ್ಯಾಖ್ಯೆಗೆ ಬರುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಕೈ ಚೆಲ್ಲಬೇಕಿಲ್ಲ. ಮದುವೆಯಲ್ಲಿ ಒಪ್ಪಿದ ಚೈನನ್ನು ಈಗ ಕೇಳುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೇ. ಬೇಕೆಂದೇ ಹೆಂಡತಿಯ ಜೀವಕ್ಕೆ, ಆರೋಗ್ಯಕ್ಕೆ ಗಂಭೀರ ಅಪಾಯ ತರುವ ನಡತೆ ಕ್ರೌರ್ಯ. ಹಳೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿವೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಆರೋಗ್ಯಕ್ಕೆ ಅಪಾಯ ತರುವುದೂ ಹಿಂಸೆ. ಚಿಕಿತ್ಸೆಯ ಖರ್ಚು ಕೊಡಿಸುವಂತೆ ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಇದಕ್ಕೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಬೇಕು. ಮಹಿಳಾ ಸಹಾಯವಾಣಿಯ ನಂಬರು 181.

ಆದರೆ ಕೋರ್ಟಿನ ಕಾಗದ ಬರುವವರೆಗೆ ಬಿ.ಪಿ. ಕಾಯುವುದಿಲ್ಲ. ಹಾಗಾಗಿ ಸಂಘ ಮಾಡಬೇಕಾದ ಕೆಲಸ ಬೇರೆಯೇ ಇದೆ.

ಮೊದಲನೆಯದು, ತಜ್ಞರನ್ನು ಹುಡುಕುವುದು ಎಂಟನೇ ತಿಂಗಳಿನ ಕೆಲಸವಲ್ಲ, ಮೂರನೇ ತಿಂಗಳಿನ ಕೆಲಸ. ಹಿಂದೆ ಸಿಸೇರಿಯನ್ ಆದವಳು, ಬಿ.ಪಿ. ಅಥವಾ ಸಕ್ಕರೆ ಇರುವವಳು, ರಕ್ತ ತೀರಾ ಕಡಿಮೆ ಇರುವವಳು, ಅವಳಿ ಹೊತ್ತವಳು, ಹದಿನೆಂಟು ತುಂಬದವಳು, ಮೂವತ್ತೈದು ದಾಟಿದವಳು: ಇವರ ತಾಯಿ ಕಾರ್ಡನ್ನು ಸಂಘದಲ್ಲಿ ಓದಿರಿ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯಿದೆ. ಅವತ್ತು ತೋಟದ ಕೆಲಸಕ್ಕೆ ರಜೆ ಹಾಕಿಸಿ ಕರೆದೊಯ್ಯಿರಿ.

ಎರಡನೆಯದು, ಆಸ್ಪತ್ರೆಯ ಬೋರ್ಡು ನೋಡಿ ನಂಬಬೇಡಿ. ನಾಲ್ಕು ಪ್ರಶ್ನೆ ಕೇಳಿ. ರಾತ್ರಿಯೂ ಹೆರಿಗೆ ತಜ್ಞರು ಇರುತ್ತಾರೆಯೇ? ಆಪರೇಷನ್ನಿಗೆ ಅರಿವಳಿಕೆ ಕೊಡುವವರು ಇದ್ದಾರೆಯೇ? ರಕ್ತ ಸಿಗುತ್ತದೆಯೇ? ತಿಂಗಳು ತುಂಬದ ಮಗುವನ್ನು ಇಟ್ಟುಕೊಳ್ಳುವ ಘಟಕ ಇದೆಯೇ? ಒಂದಕ್ಕೆ ಇಲ್ಲ ಎಂದರೂ ಮುಂದಿನ ಊರು ಯಾವುದೆಂದು ಅಂದೇ ಬರೆದಿಟ್ಟುಕೊಳ್ಳಿ. ಮೂಡಿಗೆರೆಯವರಿಗೆ ಚಿಕ್ಕಮಗಳೂರು, ಹಾಸನ. ಕಳಸದವರಿಗೆ ಕುದುರೆಮುಖದ ದಾರಿಯಲ್ಲಿ ಇಳಿದರೆ ಕಾರ್ಕಳ, ಮಣಿಪಾಲ. ಮಂಗಳೂರಿನಲ್ಲಿ ಲೇಡಿ ಗೋಷನ್ ಸರ್ಕಾರಿ ಹೆರಿಗೆ ಆಸ್ಪತ್ರೆಯಿದೆ.

ಮೂರನೆಯದು ದುಡ್ಡು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತ ಎಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಇದು ನಮಗೆ ಆಗ ಗೊತ್ತಿರಲಿಲ್ಲ. ಆದರೂ ಜೊತೆ ಹೋದವರ ಊಟ, ಕಳೆದ ಕೂಲಿ, ಜೀಪಿನ ಬಾಡಿಗೆ ಇದ್ದೇ ಇದೆ.

ನಾಲ್ಕನೆಯದು, ಲಕ್ಷಣ. ತಡೆಯದ ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಎದೆಗುಳಿಯ ಕೆಳಗೆ ನೋವು, ರಕ್ತ ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಇವು ಕಂಡರೆ ಯಾರ ಅಪ್ಪಣೆಯನ್ನೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದೊಡ್ಡ ಆಸ್ಪತ್ರೆ ದೂರವಿದ್ದರೆ, ಮೊದಲು ಸಿಗುವ ಆರೋಗ್ಯ ಕೇಂದ್ರದಲ್ಲೇ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಬೇಕೇ ಎಂದು ಕೇಳಿ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಅದು ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು 2002ರಲ್ಲೇ ಗೊತ್ತಾಯಿತು.

ಆ ಹುಡುಗಿ ಮತ್ತೆ ಬಸುರಿಯಾದಳು. ಗಂಡನೇ ಬಂದು ಕರೆದೊಯ್ದಿದ್ದ, ಬೇರೆ ಮನೆ ಮಾಡಿದ ಮೇಲೆ. ಈ ಸಲ ಮೂರನೇ ತಿಂಗಳಿಗೇ ತಜ್ಞೆಯ ಹತ್ತಿರ ಹೋದೆವು. ಆಕೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ ಬರೆದುಕೊಟ್ಟರು. ಒಮ್ಮೆ ಬಿ.ಪಿ. ಏರಿದವರಿಗೆ ಅದು ಮತ್ತೆ ಬರದಂತೆ ತಡೆಯಲು ಸಹಾಯಮಾಡುತ್ತದಂತೆ. ಡಾಕ್ಟರು ಹೇಳದೆ ನೀವಾಗಿ ನುಂಗಬೇಡಿ. ಕೊನೆಯ ತಿಂಗಳು ಆಸ್ಪತ್ರೆಯ ಹತ್ತಿರದ ನಂಟರ ಮನೆಯಲ್ಲಿ ಉಳಿದಳು. ಹೆಣ್ಣು ಮಗು. ಈಗ ಶಾಲೆಗೆ ಹೋಗುತ್ತಿದೆ.

ನಮ್ಮ ಸಂಘದ ಪುಸ್ತಕದಲ್ಲಿ ಈಗ ಒಂದು ನಿರ್ಣಯ ಇದೆ: ತಾಯಿ ಕಾರ್ಡಿನಲ್ಲಿ ಕೆಂಪು ಬರಹ ಕಂಡರೆ, ಬಾಕಿ ಇರಲಿ ಇಲ್ಲದಿರಲಿ, ಅಂದೇ ದುಡ್ಡು ಕೊಡಬೇಕು, ಇಬ್ಬರು ಸದಸ್ಯೆಯರು ಜೊತೆಗೆ ಹೋಗಬೇಕು. ಒಂದು ಮಗು ಹೋದ ಮೇಲೆ ಬರೆದ ನಿರ್ಣಯವದು. ನೀವು ಯಾರೂ ಹೋಗುವ ಮೊದಲೇ ಬರೆದುಕೊಳ್ಳಿ. ಇದೇ ವಾರದ ಸಭೆಯಲ್ಲಿ, ಕಂತಿನ ಲೆಕ್ಕಕ್ಕೆ ಮುಂಚೆ, ನಿಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಬಸುರಿ ಇದ್ದಾಳೆ ಎಂದು ಕೇಳಿ.