ಯಾವ ಹೊಲ, ಹೊಲದಲ್ಲಿ ಯಾವ ಜಾಗ?

ಆಗಸ್ಟ್ ಮುಗಿಯುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಹೆಸರು ಕೊಯ್ಲಿಗೆ ಬರುತ್ತದೆ. ಆಗ ಕೆಲವು ಹೊಲಗಳಿಗೆ ಮಾತ್ರ ಟೇಪು, ಗೂಟ, ಹಗ್ಗ, ತಕ್ಕಡಿ ಹಿಡಿದು ಸರ್ಕಾರಿ ನೌಕರರು ಬರುತ್ತಾರೆ. ಹೊಲದ ಒಂದು ಚೌಕವನ್ನಷ್ಟೇ ಗುರುತು ಮಾಡಿ, ಅಲ್ಲಿಯ ಬೆಳೆ ಕೊಯ್ದು, ಕಾಳು ಬಿಡಿಸಿ ತೂಗುತ್ತಾರೆ. ಇದು ಬೆಳೆ ಕಟಾವು ಪ್ರಯೋಗ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರದ ಲೆಕ್ಕ ಮುಖ್ಯವಾಗಿ ನಿಂತಿರುವುದು ಈ ತೂಕದ ಮೇಲೆ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮುಖ್ಯ ಬೆಳೆಯೊಂದಕ್ಕೆ ಕನಿಷ್ಠ 4 ಪ್ರಯೋಗ ನಡೆಯಬೇಕು. ಅವುಗಳ ಸರಾಸರಿ ಇಳುವರಿ ನಿಗದಿತ ಪ್ರಮಾಣಕ್ಕಿಂತ ಕೆಳಗಿಳಿದರೆ, ಆ ಪಂಚಾಯ್ತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದವರಿಗೆಲ್ಲ ಅದೇ ಪ್ರಮಾಣದಲ್ಲಿ ಹಣ ಬರುತ್ತದೆ.

ನಾಲ್ಕು ಚೌಕದ ತೂಕದಲ್ಲಿ ಇಡೀ ಪಂಚಾಯ್ತಿಯ ಹಣೆಬರಹ! ಹಾಗಾಗಿ ಆ ನಾಲ್ಕು ಯಾವುವು ಎಂಬುದು ಸಣ್ಣ ಪ್ರಶ್ನೆಯಲ್ಲ. ನೌಕರ ತನಗೆ ತೋಚಿದ ಹೊಲಕ್ಕೆ ಹೋದರೆ ರಸ್ತೆ ಬದಿಯದ್ದಕ್ಕೆ ಹೋಗುತ್ತಾನೆ. ರೈತರೇ ತೋರಿಸಿದರೆ ಒಣಗಿದ್ದನ್ನು ತೋರಿಸುತ್ತಾರೆ, ವಿಮಾ ಕಂಪನಿಯವರು ತೋರಿಸಿದರೆ ಹಸಿರಾಗಿದ್ದನ್ನು. ಈ ಮೂವರ ಕೈಯಿಂದಲೂ ಆಯ್ಕೆಯನ್ನು ಬಿಡಿಸಬೇಕೆಂದೇ ಅದನ್ನು ಯಾದೃಚ್ಛಿಕ ಸಂಖ್ಯೆಗೆ ಒಪ್ಪಿಸಿದ್ದಾರೆ. ಮೊದಲು ಸರ್ವೆ ನಂಬರ ಆ ಸಂಖ್ಯೆಯಿಂದ ಬರಬೇಕು. ಆಮೇಲೆ ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಉದ್ದಕ್ಕೆ ಒಂದು ಸಂಖ್ಯೆ, ಅಗಲಕ್ಕೆ ಒಂದು ಸಂಖ್ಯೆ ಹಿಡಿದು ಅಷ್ಟು ದೂರ ಸಾಗಿ ಗೂಟ ಹೊಡೆಯಬೇಕು. ಹೊಲದ ಉದ್ದ 120 ಮೀಟರ್, ಚೌಕದ ಉದ್ದ 5 ಮೀಟರ್ ಆದರೆ ಸಂಖ್ಯೆ 115ನ್ನು ದಾಟುವಂತಿಲ್ಲ. ದಾಟಿದರೆ ಚೌಕ ಬದುವಿನಾಚೆ ಬೀಳುತ್ತದೆ.

ಇಂಥ ಸಂಖ್ಯೆಗಳು ಮೊದಲು ಪುಸ್ತಕದಲ್ಲಿ ಸಿಗುತ್ತಿದ್ದವು. 1927ರಲ್ಲಿ ಇಂಗ್ಲೆಂಡಿನ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞ ಜನಗಣತಿಯ ವರದಿಗಳಿಂದ 41,600 ಅಂಕಿಗಳನ್ನು ಹೆಕ್ಕಿ ಕೋಷ್ಟಕವಾಗಿ ಅಚ್ಚು ಹಾಕಿಸಿದ. ಕಂಪ್ಯೂಟರ್ ಬಂದಮೇಲೆ ಪುಸ್ತಕ ಹಿಂದೆ ಸರಿಯಿತು, ಆದರೆ ಹೊಸ ತೊಡಕು ಎದುರಾಯಿತು. ಕಂಪ್ಯೂಟರಿಗೆ ಮನಸ್ಸಿಗೆ ಬಂದಂತೆ ನಡೆಯಲು ಬರುವುದಿಲ್ಲ. ಹೇಳಿದ ಲೆಕ್ಕವನ್ನೇ ಅದು ಮಾಡಬೇಕು. ಹೀಗಾಗಿ ಅದರಿಂದ ಬರುವುದು ಯಾದೃಚ್ಛಿಕದಂತೆ ಕಾಣುವ ಸಂಖ್ಯೆಗಳು, ಮಿಥ್ಯಾ ಯಾದೃಚ್ಛಿಕ ಸಂಖ್ಯೆಗಳು.

ಇದಕ್ಕೆ 1949ರಲ್ಲಿ ಅಮೆರಿಕದ ಗಣಿತಜ್ಞ ಲೆಹ್ಮರ್ ಸೂಚಿಸಿದ ದಾರಿ ಗುಣಾಕಾರ ಮತ್ತು ಭಾಗಾಕಾರದ್ದು. ಅದರ ಒಂದು ಪುಟ್ಟ ರೂಪವನ್ನು ಓದುಗರು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. ಕೈಯಲ್ಲಿರುವ ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು. 7ರಿಂದ ಹೊರಟರೆ 38 ಆಗುತ್ತದೆ, ಶೇಷ 6. ಆರರಿಂದ 1, ಒಂದರಿಂದ 8, ಮುಂದೆ 11, 10, 5, 12, 15, 14, 9, 0, 3, 2, 13, 4. ಆಮೇಲೆ ಮತ್ತೆ 7. ಸೊನ್ನೆಯಿಂದ 15ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದು ಸುತ್ತು ಮುಗಿಯಿತು. ಹೊರಟ ಸಂಖ್ಯೆಗೆ, ಇಲ್ಲಿ ಏಳಕ್ಕೆ, ಸೀಡ್ ಎನ್ನುತ್ತಾರೆ.

ಆ ಸಾಲನ್ನು ಇನ್ನೊಮ್ಮೆ ಓದಬೇಕು. ಬೆಸ, ಸಮ, ಬೆಸ, ಸಮ. ಒಂದು ಕಡೆಯೂ ತಪ್ಪಿಲ್ಲ. ಇದನ್ನೇ ನಂಬಿ ಗೂಟ ಹೊಡೆಯಲು ಹೋದರೆ ಮೊದಲ ಜೋಡಿ ಉದ್ದಕ್ಕೆ 7, ಅಗಲಕ್ಕೆ 6. ಎರಡನೆಯದು 1 ಮತ್ತು 8. ಉದ್ದ ಯಾವಾಗಲೂ ಬೆಸ, ಅಗಲ ಯಾವಾಗಲೂ ಸಮ. ಬೀಳಬಹುದಾದ 256 ಜಾಗಗಳಲ್ಲಿ ಎಂಟು ಮಾತ್ರ ಮತ್ತೆ ಮತ್ತೆ ಬೀಳುತ್ತವೆ. ಪುಟ್ಟ ಲೆಕ್ಕವಾದ್ದರಿಂದ ಹೀಗಾಯಿತು ಎನ್ನುವಂತಿಲ್ಲ. 1960ರ ದಶಕದಲ್ಲಿ ಐಬಿಎಂ ಕಂಪ್ಯೂಟರುಗಳ ಜೊತೆ ಹರಡಿದ ರಾಂಡು ಎಂಬ ವಿಧಾನದ ಸಂಖ್ಯೆಗಳನ್ನು ಮೂರು ಮೂರಾಗಿ ಸೇರಿಸಿ ಗುರುತು ಹಾಕಿದರೆ ಎಲ್ಲ ಚುಕ್ಕಿಗಳೂ ಬರೀ 15 ಸಮತಲಗಳ ಮೇಲೆ ಸಾಲುಗಟ್ಟುತ್ತಿದ್ದವು.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ರಾಂಡಮ್ ಕ್ಲಾಸ್ ಮಾಡುವುದೂ ಗುಣಿಸಿ, ಕೂಡಿಸಿ, ಭಾಗಿಸುವ ಇದೇ ಲೆಕ್ಕವನ್ನು. ಗುಣಕ 25,21,49,03,917, ಕೂಡಿಸುವುದು 11, ಭಾಜಕ ಎರಡರ 48ನೇ ಘಾತ. ಕೊನೆಯ ಬಿಟ್‌ಗಳಲ್ಲಿ ಬೆಸ–ಸಮದಂಥ ಕುಂಟಾಟ ಇರುವುದು ಗೊತ್ತಿದ್ದೇ ಅದು 48 ಬಿಟ್‌ಗಳಲ್ಲಿ ಮೇಲಿನ 32ನ್ನು ಮಾತ್ರ ಹೊರಗೆ ಕೊಟ್ಟು ಉಳಿದ 16ನ್ನು ಒಳಗೇ ಇಟ್ಟುಕೊಳ್ಳುತ್ತದೆ.

ಹೀಗೆ ಒಳಗೇ ಇಟ್ಟುಕೊಳ್ಳಲು ಜಾವಾದಂಥ ಆಬ್ಜೆಕ್ಟ್ ಆಧಾರಿತ ಭಾಷೆಗಳು ನೆರವಿಗೆ ಬರುತ್ತವೆ. ಕ್ಲಾಸ್ ಎಂಬುದು ಅಚ್ಚು, ಅದರಿಂದ ತೆಗೆದ ಒಂದೊಂದು ಪ್ರತಿಯೂ ಆಬ್ಜೆಕ್ಟ್. ಸದ್ಯದ ಸಂಖ್ಯೆ ಎಷ್ಟು ಎಂಬ ನೆನಪು ಆಬ್ಜೆಕ್ಟಿನೊಳಗೆ ಭದ್ರವಾಗಿರುತ್ತದೆ, ಹೊರಗಿನ ಪ್ರೋಗ್ರಾಂ ಅದನ್ನು ಮುಟ್ಟುವಂತಿಲ್ಲ. ‘ಮುಂದಿನದು ಕೊಡು’ ಎಂದು ಕೇಳಬಹುದು, ಅಷ್ಟೆ. ಕೇಳಿದಾಗ ಆಬ್ಜೆಕ್ಟ್ ಲೆಕ್ಕ ಮಾಡಿ, ನೆನಪನ್ನು ತಾನೇ ಬದಲಿಸಿಕೊಂಡು, ಉತ್ತರ ಕೊಡುತ್ತದೆ. ಕುಂದಗೋಳದ ಮೆಣಸಿನಕಾಯಿಗೆ ಒಂದು ಆಬ್ಜೆಕ್ಟ್, ಕಲಘಟಗಿಯ ಭತ್ತಕ್ಕೆ ಇನ್ನೊಂದು ಇಟ್ಟರೆ ಒಂದರ ಆಯ್ಕೆ ಇನ್ನೊಂದನ್ನು ಕದಲಿಸುವುದಿಲ್ಲ.

ಹೊಸಬರು ಇಲ್ಲೊಂದು ಎಡವಟ್ಟು ಮಾಡುತ್ತಾರೆ. ಪ್ರತಿ ಹಳ್ಳಿಗೂ ಹೊಸ ಆಬ್ಜೆಕ್ಟ್ ಹುಟ್ಟಿಸಿ, ಗಡಿಯಾರದ ಸಮಯವನ್ನೇ ಸೀಡ್ ಮಾಡುತ್ತಾರೆ. ಕಂಪ್ಯೂಟರಿನ ವೇಗಕ್ಕೆ ಹತ್ತಾರು ಹಳ್ಳಿ ಒಂದೇ ಮಿಲಿಸೆಕೆಂಡಿನಲ್ಲಿ ಮುಗಿದುಹೋದರೆ ಅಷ್ಟೂ ಹಳ್ಳಿಗೆ ಒಂದೇ ಸಂಖ್ಯೆ! ಒಂದು ಸಲ ಹುಟ್ಟಿಸಿದ ಆಬ್ಜೆಕ್ಟನ್ನು ಬೇಕಾದ ಕಡೆಗೆ ದಾಟಿಸುತ್ತ ಹೋಗುವುದೇ ಸರಿಯಾದ ರೀತಿ. 2021ರ ಜಾವಾ 17ನೇ ಆವೃತ್ತಿಯಲ್ಲಿ ಇಂಥ ಎಲ್ಲ ಉತ್ಪಾದಕಗಳಿಗೂ ಸಮಾನವಾದ ಇಂಟರ್‌ಫೇಸ್ ಬಂದಿರುವುದರಿಂದ, ಆಯ್ಕೆಯ ಪ್ರೋಗ್ರಾಂ ಮುಟ್ಟದೆಯೇ ಒಳಗಿನ ವಿಧಾನ ಬದಲಿಸಬಹುದು.

ಬಂದ ಸಂಖ್ಯೆಯನ್ನು ಹೊಲಕ್ಕೆ ಹೊಂದಿಸುವಾಗಲೂ ಮೋಸವಾಗುತ್ತದೆ. 16 ಸಂಖ್ಯೆ, 6 ಹೊಲ ಎಂದುಕೊಳ್ಳೋಣ. ಆರರಿಂದ ಭಾಗಿಸಿ ಶೇಷ ನೋಡಿದರೆ ಮೊದಲ ನಾಲ್ಕು ಹೊಲಗಳಿಗೆ ಮೂರು ಮೂರು ಅವಕಾಶ, ಕೊನೆಯ ಎರಡಕ್ಕೆ ಎರಡೆರಡೇ. 12 ಅಥವಾ ಅದಕ್ಕೂ ದೊಡ್ಡದು ಬಂದರೆ ಬಿಟ್ಟು, ಮತ್ತೊಂದು ಕೇಳಿದರೆ ಎಲ್ಲರಿಗೂ ಸಮ. ಕೋಷ್ಟಕದ ಪುಸ್ತಕ ಬಳಸುತ್ತಿದ್ದ ಕಾಲದ ನಿಯಮವೇ ಇದು. ಜಾವಾದಲ್ಲಿ ಮಿತಿ ಹೇಳಿ ಸಂಖ್ಯೆ ಕೇಳಿದಾಗ ಒಳಗೆ ನಡೆಯುವುದೂ ಇದೇ.

ಇಷ್ಟೆಲ್ಲ ಸರಿ ಮಾಡಿದರೂ ದೊಡ್ಡ ಪ್ರಶ್ನೆ ಸೀಡಿನದು. ಜಾವಾದ ಈ ಉತ್ಪಾದಕದಿಂದ ಒಂದರ ಹಿಂದೊಂದು ಬಂದ ಎರಡು ಪೂರ್ಣ ಸಂಖ್ಯೆ ಸಿಕ್ಕರೆ, ಮುಚ್ಚಿಟ್ಟ 16 ಬಿಟ್‌ಗಳಿಗೆ ಇರುವುದು 65,536 ಸಾಧ್ಯತೆ. ಇವತ್ತಿನ ಲ್ಯಾಪ್‌ಟಾಪಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮುಂದೆ ಬರುವ ಸಂಖ್ಯೆಗಳೆಲ್ಲ ಬಯಲು. ಅದಕ್ಕೇ ಭದ್ರತೆಯ ಕೆಲಸಕ್ಕೆ ಜಾವಾದಲ್ಲಿ ಸೆಕ್ಯೂರ್‌ರಾಂಡಮ್ ಎಂಬ ಬೇರೆಯದೇ ಕ್ಲಾಸ್ ಇದೆ. ಆದರೆ ಬೆಳೆ ವಿಮೆಯಲ್ಲಿ ಗುಟ್ಟು ಕಾಯ್ದರಷ್ಟೇ ಸಾಲದು. ಆಯ್ಕೆಗೆ ಮುಂಚೆ ಯಾರಿಗೂ ತಿಳಿಯಬಾರದು, ಆಯ್ಕೆ ಮುಗಿದಮೇಲೆ ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು. ‘ನಮ್ಮ ಊರಾಗ ಆ ಹೊಲಾನ ಯಾಕ್ ಬಂತು?’ ಎಂದು ರೈತ ಕೇಳಿದರೆ, ‘ಕಂಪ್ಯೂಟರ್ ಹೇಳಿತು’ ಎಂಬುದು ಉತ್ತರವಾಗದು.

ಚುನಾವಣೆಯಲ್ಲಿ ಇದಕ್ಕೊಂದು ದಾರಿ ಈಗಾಗಲೇ ಇದೆ. ಮತಯಂತ್ರಗಳ ಹಂಚಿಕೆ ಸಾಫ್ಟ್‌ವೇರಿನಿಂದ ನಡೆಯುತ್ತದೆ. ಆದರೆ 2019ರ ಸುಪ್ರೀಂ ಕೋರ್ಟ್ ಆದೇಶದಂತೆ ವಿವಿಪ್ಯಾಟ್ ಚೀಟಿ ಎಣಿಸಲು ಕ್ಷೇತ್ರಕ್ಕೆ 5 ಮತಗಟ್ಟೆ ಆರಿಸುವಾಗ, ನವಲಗುಂದವಿರಲಿ ಕಲಘಟಗಿಯಿರಲಿ, ಅಭ್ಯರ್ಥಿಗಳ ಕಡೆಯವರ ಎದುರಿಗೇ ಲಾಟರಿ ಎತ್ತುತ್ತಾರೆ. ಹಾಗೆಯೇ ಪಂಚಾಯ್ತಿ ಕಟ್ಟೆಯ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಚೀಟಿಗಳನ್ನು ಎತ್ತಿ, ಪ್ರತಿ ಸಲವೂ ವಾಪಸ್ ಹಾಕಿ, 14 ಅಂಕಿ ಬರೆದುಕೊಂಡರೆ 48 ಬಿಟ್‌ನ ಸೀಡಿಗೆ ಹೆಚ್ಚು ಕಡಿಮೆ ಸಾಕು. ಯಾವ ಪ್ರೋಗ್ರಾಂ ಎಂಬುದು ಮೊದಲೇ ಬಹಿರಂಗವಾಗಿದ್ದರೆ, ಅದೇ ಸೀಡ್ ಕೊಟ್ಟು ಯಾರ ಮನೆಯಲ್ಲಿ ಓಡಿಸಿದರೂ ಅದೇ ಸರ್ವೆ ನಂಬರ ಬರುತ್ತದೆ. ಒಂದು ಷರತ್ತು ಮಾತ್ರ: ಹೊಲಗಳ ಪಟ್ಟಿಯ ಕ್ರಮ ಒಂದು ಸಾಲು ಅದಲುಬದಲಾದರೂ ಅದೇ ಸಂಖ್ಯೆಗೆ ಬೇರೆ ಹೊಲ ಬರಬಹುದು. ಆದ್ದರಿಂದ ಮೊದಲ ಚೀಟಿ ಎತ್ತುವ ಮುಂಚೆಯೇ ಪಟ್ಟಿಗೆ ಎಲ್ಲರ ಸಹಿ ಬಿದ್ದಿರಬೇಕು.