ಓದಲಾಗದ ಕಾನೂನು

(ಡೊಂಬಿವಲಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಠಾಣೆ, ಕಲ್ಯಾಣ, ನವಿ ಮುಂಬಯಿಗಳಿಂದ ಪಾಳಿ ಮುಗಿಸಿ ಬಂದ ಸೋದರರೇ, ಗಿರಣಿಯಲ್ಲಿ ದುಡಿದ ಹಿರಿಯರೇ,

ಕೊರಿಯಾ ದೇಶದ ಚರಿತ್ರೆ ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಮಿಡ್ಲ್‌ಸ್ಕೂಲು ಮಾತ್ರ ಕಂಡ ನಮಗೆ ಇದು ದೊಡ್ಡ ಹೊರೆಯೇ ಸರಿ. ಆದರೆ ಕಪ್ಪು-ಬಸಿ ತೊಳೆದ ಕೈಗೆ ಹೊರೆ ಹೊಸದಲ್ಲ.

ಕೊರಿಯಾ ನಮಗೆ ತೀರ ದೂರದ್ದೂ ಅಲ್ಲ. ಅಲ್ಲಿ 1950ರಲ್ಲಿ ಹತ್ತಿದ ಯುದ್ಧ 1953ರಲ್ಲಿ ನಿಂತಾಗ, ಸ್ವದೇಶಕ್ಕೆ ಮರಳಲೊಲ್ಲದ ಸಾವಿರಾರು ಸೆರೆಯಾಳುಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಜನರಲ್ ತಿಮ್ಮಯ್ಯನವರು.

ಆ ನಾಡು ಬಲು ಹಳೆಯದು. ಮೊದಲು ಮೂರು ರಾಜ್ಯಗಳಿದ್ದವು. ಏಳನೆಯ ಶತಮಾನದಲ್ಲಿ ಅವುಗಳಲ್ಲೊಂದಾದ ಸಿಲ್ಲಾ ಮೇಲುಗೈ ಪಡೆಯಿತು. 918ರಲ್ಲಿ ಗೊರ್ಯೋ ವಂಶ ಬಂತು. ಕೊರಿಯಾ ಎಂಬ ಹೆಸರು ಅದರಿಂದಲೇ ಬಂದುದು. 1392ರಲ್ಲಿ ಜೋಸನ್ ವಂಶ. ರಾಜರ ಹೆಸರನ್ನೆಲ್ಲ ಹೇಳುತ್ತ ಕುಳಿತರೆ ನಿಮಗೆ ಕಡೆಯ ಲೋಕಲ್ ತಪ್ಪೀತು. ಒಬ್ಬ ರಾಜನನ್ನು ಮಾತ್ರ ನೆನೆಯೋಣ.

ಅವನು ಸೆಜೋಂಗ್. ಆಗ ಬರವಣಿಗೆಯೆಲ್ಲ ಚೀನೀ ಅಕ್ಷರಗಳಲ್ಲಿತ್ತು. ಸಾವಿರಾರು ಅಕ್ಷರ ಕಲಿಯಲು ಉಳ್ಳವರ ಮಕ್ಕಳಿಗೆ ಬಿಡುವಿತ್ತು, ಉಳುವವರ ಮಕ್ಕಳಿಗೆಲ್ಲಿ? ಬಡವನಿಗೂ ಹೇಳಿಕೊಳ್ಳುವ ಮಾತಿದೆ, ಬರೆಯುವ ದಾರಿಯಿಲ್ಲ ಎಂದು ಮರುಗಿದ ಆ ದೊರೆ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿ ಮಾಡಿಸಿ, 1446ರಲ್ಲಿ ಪ್ರಕಟಿಸಿದ. ಆಸ್ಥಾನದ ಕೆಲವು ಪಂಡಿತರು ವಿರೋಧಿಸಿದರು. ಮುಂದೆಯೂ ದೊಡ್ಡವರು ಅದನ್ನು ಕೀಳಾಗಿ ಕಂಡರು. ಹೆಂಗಸರೂ ಸಾಮಾನ್ಯರೂ ಅದನ್ನು ಉಳಿಸಿಕೊಂಡು ಬಂದರು.

1910ರಲ್ಲಿ ಜಪಾನು ಆ ದೇಶವನ್ನು ನುಂಗಿತು. 1919ರಲ್ಲಿ ಜನ ಸ್ವಾತಂತ್ರ್ಯಕ್ಕಾಗಿ ಬೀದಿಗಿಳಿದರು, ಗುಂಡು ತಿಂದರು. ಬರಬರುತ್ತ ಶಾಲೆಗಳಿಂದ ಕೊರಿಯನ್ ನುಡಿಯನ್ನೇ ಹೊರದಬ್ಬಲಾಯಿತು. 1942ರಲ್ಲಿ ಆ ನುಡಿಗೆ ನಿಘಂಟು ಮಾಡುತ್ತಿದ್ದವರನ್ನು ಸೆರೆಗೆ ನೂಕಿದರು. ಇಬ್ಬರು ಸೆರೆಯಲ್ಲೇ ತೀರಿಕೊಂಡರು. 1945ರಲ್ಲಿ ಬಿಡುಗಡೆ ಬಂತು, ಜೊತೆಯಲ್ಲೇ ದೇಶ ಎರಡು ಹೋಳಾಯಿತು. ಇಂದಿಗೂ ಒಂದಾಗಿಲ್ಲ.

ಇನ್ನು ನಮ್ಮಂಥವರ ಕಥೆ. ದಕ್ಷಿಣ ಕೊರಿಯಾದಲ್ಲಿ 1953ರಲ್ಲೇ ಕಾರ್ಮಿಕ ಕಾನೂನಾಗಿತ್ತು. ಆದರೂ ಸೋಲ್ ನಗರದ ಬಟ್ಟೆ ಪೇಟೆಯಲ್ಲಿ, ತಲೆಯೆತ್ತಿ ನಿಲ್ಲಲಾಗದ ಅಟ್ಟಗಳಲ್ಲಿ, ಎಳೆಯ ಹುಡುಗಿಯರು ದಿನಕ್ಕೆ 14 ಗಂಟೆ ಹೊಲಿಯುತ್ತಿದ್ದರು. ಅಲ್ಲಿ ದರ್ಜಿಯಾಗಿದ್ದ ಚೊನ್ ಟೆ-ಇಲ್ ಎಂಬ ತರುಣ ಆ ಕಾನೂನಿನ ಪುಸ್ತಕ ತಂದ. ತೆರೆದು ನೋಡಿದರೆ ತುಂಬ ಚೀನೀ ಅಕ್ಷರಗಳು! ಓದಿ ಹೇಳಲು ಕಾಲೇಜು ಕಲಿತ ಗೆಳೆಯನೊಬ್ಬ ತನಗಿದ್ದಿದ್ದರೆ ಎಂದು ಹಂಬಲಿಸಿದ. ಅರ್ಜಿ ಬರೆದ, ಕಚೇರಿಗಳಿಗೆ ಅಲೆದ. ಯಾರೂ ಕಿವಿಗೊಡಲಿಲ್ಲ. 1970ರ ನವೆಂಬರ್ 13ರಂದು, 22ನೆಯ ವಯಸ್ಸಿನಲ್ಲಿ, ಕಾನೂನು ಪಾಲಿಸಿರೆಂದು ಕೂಗುತ್ತ ಪ್ರಾಣ ಕೊಟ್ಟ. ಎರಡೇ ವಾರದಲ್ಲಿ ಅಲ್ಲಿ ಸಂಘ ಹುಟ್ಟಿತು. ಅವನ ತಾಯಿ ಲೀ ಸೊ-ಸನ್ 2011ರಲ್ಲಿ ತೀರಿಕೊಳ್ಳುವವರೆಗೂ ಕಾರ್ಮಿಕರ ತಾಯಿಯಾಗಿ ಬಾಳಿದರು.

ಸೋದರರೇ, ಸಾಯಿರೆಂದು ನಾವು ಹೇಳುತ್ತಿಲ್ಲ. ಅಂಥ ಮಗ ಬದುಕಿ ಉಳಿಯಬೇಕಿತ್ತು. ನಾವು ಹೇಳುವುದು ಓದಿರೆಂದು. ನಾವು ಹುಡುಗರಾಗಿದ್ದಾಗ ಒಂದು ಹೊಟೇಲಿನಲ್ಲಿ ಗಲ್ಲಾದ ಮುಂದೆ ನಿಲ್ಲಿಸಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ "ಸಂಬಳದ ಬಾಕಿ ಏನೂ ಇಲ್ಲ" ಎಂದಿತ್ತೆಂದು ತಿಳಿದದ್ದು ಕೆಲಸ ಬಿಟ್ಟ ಮೇಲೆ. ಕನ್ನಡ ಬರುತ್ತಿತ್ತು, ಕಾಗದ ಕನ್ನಡದಲ್ಲಿರಲಿಲ್ಲ. ಹತ್ತಿರದಲ್ಲಿ ಓದಿ ಹೇಳುವವರೂ ಇರಲಿಲ್ಲ.

ಆದುದರಿಂದ ನಮ್ಮದೊಂದೇ ಬೇಡಿಕೆ. ಅಕ್ಷರ ಬಲ್ಲವರು ವಾರಕ್ಕೊಂದು ಸಂಜೆ ಸಂಘಕ್ಕೆ ಕೊಡಿ. ಕೆಲಸದ ಕಾಗದಗಳನ್ನು ತನ್ನಿ. ಕೂತು ಕನ್ನಡದಲ್ಲಿ ಬಿಡಿಸಿ ಹೇಳೋಣ. ಈ ಊರಿನ ಮರಾಠಿಯನ್ನೂ ಓದಲು ಕಲಿಯೋಣ. ತಿಳಿಯದ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಇಂದೇ ನಿಶ್ಚಯಿಸೋಣ. ಚೊನ್‌ಗೆ ಸಿಗದ ಆ ಗೆಳೆಯ ನಮ್ಮ ಸಂಘವಾಗಲಿ.